ಬೇಮ್‌ಸ್ಟರ್: ನೀರಿನಿಂದ ಗೆದ್ದ ನೆಲ

ಆಮ್‌ಸ್ಟರ್‌ಡ್ಯಾಮಿನ ಉತ್ತರಕ್ಕೆ ಹಿಂದೆ ಬೇಮ್‌ಸ್ಟರ್ ಎಂಬ ವಿಶಾಲ ಸರೋವರವಿದ್ದಿತು. ಬಿರುಗಾಳಿ ಎದ್ದಾಗ ಅದು ದಡದ ಹೊಲಗಳನ್ನು ನುಂಗುತ್ತಿತ್ತು. ಆದರೂ ಸುತ್ತಣ ಹಳ್ಳಿಗಳ ಬೆಸ್ತರಿಗೆ ಅದೇ ಅನ್ನದ ಬಟ್ಟಲು.

1607ರಲ್ಲಿ ವರ್ತಕರು ಹಣ ಹೂಡಿ ಅದನ್ನು ಬತ್ತಿಸಲು ಹೊರಟರು. ಸುತ್ತಲೂ ಏರಿ ಹಾಕಿ, ಹೊರಗೆ ಕಾಲುವೆ ತೋಡಿ, ಗಾಳಿಯಂತ್ರಗಳಿಂದ ನೀರನ್ನು ಹಂತಹಂತವಾಗಿ ಮೇಲೆತ್ತಿ ಅದಕ್ಕೆ ಹರಿಸುವುದು ಉಪಾಯ. ದಡದ ಡೆ ರೈಪ್ ಹಳ್ಳಿಯ ಲೀಗ್‌ವಾಟರ್ ಈ ಯಂತ್ರಗಳ ಕೆಲಸದಲ್ಲಿ ದುಡಿದನು. 1610ರಲ್ಲಿ ಸಮುದ್ರದ ಬಿರುಗಾಳಿಗೆ ಏರಿಗಳೊಡೆದು ನೀರು ಮತ್ತೆ ನುಗ್ಗಿತು. ಅವರು ಎದೆಗುಂದಲಿಲ್ಲ, 1612ರಲ್ಲಿ ಸುಮಾರು 7,000 ಹೆಕ್ಟೇರು ನೆಲ ಮೇಲೆದ್ದಿತು. ಇಂಥ ನೆಲವೇ ‘ಪೋಲ್ಡರ್’. ಬಲೆ ಬೀಸಿದಲ್ಲಿ ನೇಗಿಲು ನಡೆಯಿತು. ಬೆಸ್ತರ ಸರೋವರ ಮಾತ್ರ ಇಲ್ಲವಾಯಿತು.

1999ರಲ್ಲಿ ಬೇಮ್‌ಸ್ಟರ್ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಆದರೆ ಸಮುದ್ರಮಟ್ಟಕ್ಕಿಂತ ಕೆಳಗಿರುವ ಆ ಹೊಲಗಳ ನೀರನ್ನು ಪಂಪುಗಳು ಇಂದಿಗೂ ಎತ್ತುತ್ತಲೇ ಇರಬೇಕು. ಒಮ್ಮೆ ಗೆದ್ದ ನೆಲವನ್ನು ಅಲ್ಲಿಯವರು ದಿನವೂ ಗೆಲ್ಲುತ್ತಿದ್ದಾರೆ.