ಮಕ್ಕಳು ಹತ್ತಿದ ಹೆಣಿಗೆ

ಕಲಾ ಗ್ಯಾಲರಿಗಳಲ್ಲಿ ಕಲಾಕೃತಿಗಿಂತ ಮೊದಲು ಕಣ್ಣಿಗೆ ಬೀಳುವುದು ‘ಮುಟ್ಟಬೇಡಿ’ ಎಂಬ ಫಲಕ. ಕಲ್ಲು, ಕಂಚಿನ ಶಿಲ್ಪಗಳ ಮಾತು ಹೋಗಲಿ. ಮೈಗೆ ಸೋಕುವುದಕ್ಕೆಂದೇ ಹುಟ್ಟಿದ ಬಟ್ಟೆಯೂ ಅಲ್ಲಿ ಕಣ್ಣಿಗೆ ಮಾತ್ರ ಮೀಸಲು. ಈ ಕಟ್ಟಳೆಯನ್ನು ಮುರಿದ ಕೀರ್ತಿ, ಜಪಾನಿನ ನೂಲು ಕಲಾವಿದೆ ತೊಶಿಕೊ ಹೊರಿಯುಚಿ ಅವರ ಪಾಲಿಗೆ ಬಂದದ್ದು ಇಬ್ಬರು ಮಕ್ಕಳಿಂದ.

1940ರಲ್ಲಿ ಜನಿಸಿದ ತೊಶಿಕೊ ಟೋಕಿಯೊದಲ್ಲಿ ಕಲಾಭ್ಯಾಸ ಮಾಡಿ, ಅಮೆರಿಕದ ಕ್ರ್ಯಾನ್‌ಬ್ರೂಕ್ ಕಲಾ ಅಕಾಡೆಮಿಯಲ್ಲಿ 1966ರಲ್ಲಿ ಸ್ನಾತಕೋತ್ತರ ಪದವಿ ಪಡೆದರು. ನ್ಯೂಯಾರ್ಕಿನಲ್ಲಿ ಬಟ್ಟೆಗಳ ವಿನ್ಯಾಸಕಿಯಾಗಿ ದುಡಿದರು. ಮುಂದೆ ದಾರದಿಂದ ದೊಡ್ಡ ದೊಡ್ಡ ಶಿಲ್ಪಗಳನ್ನು ಹೆಣೆದು ತೂಗುಹಾಕತೊಡಗಿದರು. ಪ್ರದರ್ಶನಗಳು ನಡೆದವು. ಆದರೆ ಬೆರಳೆಣಿಕೆಯ ರಸಿಕರು ಬಂದು ನೋಡಿ ಹೋಗುವ ಈ ಕಲೆ ಯಾರಿಗಾಗಿ ಎಂಬ ಪ್ರಶ್ನೆ ಅವರನ್ನು ಕೊರೆಯುತ್ತಿತ್ತು. ಅಂಥ ಒಂದು ಪ್ರದರ್ಶನದಲ್ಲಿ ಇಬ್ಬರು ಮಕ್ಕಳು ಅವರ ಕೃತಿಯೊಳಗೆ ಹತ್ತಿ ಕುಳಿತರು. ಅದುವರೆಗೆ ಸುಮ್ಮನೆ ತೂಗುತ್ತಿದ್ದ ಹೆಣಿಗೆ ಜಗ್ಗಿತು, ಹಿಗ್ಗಿತು, ಓಲಾಡಿತು. ತಮ್ಮ ಕೃತಿಗೆ ಜೀವ ಬಂದದ್ದನ್ನು ಕಲಾವಿದೆ ಕಂಡದ್ದು ಆಗಲೇ.

ಬೇರೆಯವರಾಗಿದ್ದರೆ ಮರುದಿನವೇ ಒಂದು ಆಟದ ಬಲೆ ಹೆಣೆದುಬಿಡುತ್ತಿದ್ದರೋ ಏನೋ. ತೊಶಿಕೊ ಹಾಗೆ ಮಾಡಲಿಲ್ಲ. ಮೂರು ವರ್ಷ ರಜಾ ದಿನಗಳಲ್ಲೆಲ್ಲ ಟೋಕಿಯೊದ ಉದ್ಯಾನಗಳನ್ನು ಸುತ್ತಿ, ಮಕ್ಕಳು ಎಲ್ಲಿ, ಹೇಗೆ ಆಡುತ್ತಾರೆಂದು ಗಮನಿಸಿದರು. ಇಕ್ಕಟ್ಟಾಗುತ್ತಿದ್ದ ಮಹಾನಗರದಲ್ಲಿ ಮಕ್ಕಳಿಗೆ ಆಡಲು ಜಾಗವೇ ಸಾಲದು ಎಂಬುದು ಅವರಿಗೆ ಮನದಟ್ಟಾಯಿತು.

ಅವರು ಆರಿಸಿಕೊಂಡ ತಂತ್ರ ಮನೆಯ ಹೆಂಗಸರಿಗೆಲ್ಲ ಪರಿಚಿತವಾದ ಕ್ರೋಶಾ. ಮಗ್ಗದ ಬಟ್ಟೆಗೆ ಹಾಸು ಬೇಕು, ಹೊಕ್ಕು ಬೇಕು. ಅದು ಮೂಲತಃ ಚಪ್ಪಟೆ. ಕ್ರೋಶಾದಲ್ಲಿ ಕುಣಿಕೆಯೊಳಗಿಂದ ಕುಣಿಕೆ ಹೊರಡುತ್ತದೆ. ಹೆಣಿಗೆ ಚೀಲವಾಗಬಹುದು, ಸುರಂಗವಾಗಬಹುದು, ಗೋಳವೂ ಆಗಬಹುದು. ಅದು ತೂಗಿದಾಗ ತಾಳುವ ಆಕಾರದ ಬಗೆಗೆ ಅವರಿಗೆ ದಾರಿ ತೋರಿದವನು ಸ್ಪೇನಿನ ವಾಸ್ತುಶಿಲ್ಪಿ ಗೌಡಿ. ಆತ ದಾರಗಳಿಗೆ ತೂಕ ಕಟ್ಟಿ ಇಳಿಬಿಟ್ಟು, ಮೂಡಿದ ಬಾಗನ್ನು ತಲೆಕೆಳಗು ಮಾಡಿ ಕಮಾನಿನ ರೂಪ ಕಂಡುಕೊಂಡವನು. ತೊಶಿಕೊ ಅವರಿಗೆ ತಲೆಕೆಳಗು ಮಾಡುವ ತಾಪತ್ರಯವೇ ಇರಲಿಲ್ಲ.

ಬಲೆಯ ನಿಜವಾದ ಸೊಗಸು ಇನ್ನೊಂದು ಕಡೆ ಇದೆ. ಜಾರುಬಂಡೆ ‘ಇಲ್ಲಿ ಹತ್ತು, ಅಲ್ಲಿ ಜಾರು’ ಎಂದು ಆಜ್ಞಾಪಿಸುತ್ತದೆ. ಬಲೆಗೆ ಅಂಥ ಅಪ್ಪಣೆಗಳಿಲ್ಲ. ಒಂದು ಮೂಲೆಯಲ್ಲಿ ಒಬ್ಬ ಹಾರಿದರೆ ಇನ್ನೊಂದು ಮೂಲೆಯಲ್ಲಿ ಕುಳಿತವಳು ಪುಟಿಯುತ್ತಾಳೆ. ಹೆಸರು ಗೊತ್ತಿಲ್ಲದ ಮಕ್ಕಳು ಪರಸ್ಪರರ ಭಾರವನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಹೆಜ್ಜೆ ತಪ್ಪಬಹುದೆಂಬ ಅಳುಕೂ ಆಟದ ಭಾಗವೇ; ಅಪಾಯವನ್ನು ಅಳೆಯಲು ಮಗು ತಾನೇ ಕಲಿಯಬೇಕೆಂಬುದು ತೊಶಿಕೊ ಅವರ ನಿಲುವು. ಗುಲಗಂಜಿಯಷ್ಟು ಗಾಯಕ್ಕೂ ಗಾಬರಿಯಾಗುವ ಇಂದಿನ ತಂದೆತಾಯಿಯರಿಗೆ ಇದು ಸುಲಭವಾಗಿ ರುಚಿಸುವ ಮಾತಲ್ಲ.

ಉದ್ಯಾನ ವಿನ್ಯಾಸಕಾರ ಫುಮಿಯಾಕಿ ತಕಾನೊ ಅವರ ಜೊತೆಗೂಡಿ 1979ರಲ್ಲಿ ಓಕಿನಾವಾದ ರಾಷ್ಟ್ರೀಯ ಉದ್ಯಾನದಲ್ಲಿ ನಿರ್ಮಿಸಿದ್ದು ಅವರ ಮೊದಲ ದೊಡ್ಡ ಸಾರ್ವಜನಿಕ ಕೃತಿ. 1981ರಲ್ಲಿ ಹಕೋನೆಯ ಬಯಲು ವಸ್ತುಸಂಗ್ರಹಾಲಯಕ್ಕೆ ಇನ್ನೊಂದು ಬಂತು. ಬಳಿಕ ಅವರು ಪತಿ ಚಾರ್ಲ್ಸ್ ಮೆಕ್‌ಆಡಮ್ ಜೊತೆ ಕೆನಡಾದ ನೋವಾ ಸ್ಕೋಷಿಯಾದಲ್ಲಿ ನೆಲೆಸಿ, 1990ರಲ್ಲಿ ಸಂಸ್ಥೆ ಕಟ್ಟಿ ಈ ಕೆಲಸವನ್ನೇ ಮುಂದುವರಿಸಿದರು. ಸಪೊರೊ ಬಳಿಯ ಟಕಿನೊ ಉದ್ಯಾನದ ಕಾಮನಬಿಲ್ಲಿನ ಬಣ್ಣದ ಗೂಡು 2000ದ್ದು.

ನೈಲಾನಿಗೆ ಬಿಸಿಲೇ ಶತ್ರು. ಆದ್ದರಿಂದ 2009ರಲ್ಲಿ ಹಕೋನೆಯಲ್ಲಿ ತೆಜುಕಾ ವಾಸ್ತುಶಿಲ್ಪಿ ದಂಪತಿ ಬಲೆಗೆಂದೇ ಮರದ ಮಂಟಪ ಕಟ್ಟಿದರು. 589 ತೊಲೆಗಳನ್ನು ಲೋಹದ ಬೆಸುಗೆಯಿಲ್ಲದೆ ಒಂದರ ಮೇಲೊಂದು ಜೋಡಿಸಿದ, ಗೋಡೆಯಿಲ್ಲದ ಗುಮ್ಮಟ ಅದು. ಅದರ ನಡುವೆ ತೂಗುವ ಬಲೆ ಮಕ್ಕಳಿಗೆ ಮಾತ್ರ. ಹಿರಿಯರು ಸುತ್ತಲ ತೊಲೆಗಳ ಮೇಲೆ ಕೂತು ನೋಡಬಹುದು. ಅಲ್ಲಿರುವುದು 1981ರ ಬಲೆಯಲ್ಲ, ಹೊಸದಾಗಿ ಹೆಣೆದ ಎರಡನೆಯದು.