ನಳಿಗೆಗೆ ತಕ್ಕ ಮದ್ದು: ಗಡಿನಾಡಿನ ತುಂಬುಕೋವಿಯ ಚರಿತ್ರೆ

ಜಹೀರಾಬಾದಿನಿಂದ ಬೀದರಿಗೆ ಹೋಗುವ ದಾರಿ ನಮಗೆ ಪರವೂರಿನ ದಾರಿಯಲ್ಲ. 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯವರೆಗೆ ಜಹೀರಾಬಾದು, ನಾರಾಯಣಖೇಡಗಳು ಬೀದರ ಜಿಲ್ಲೆಯ ತಾಲೂಕುಗಳೇ ಆಗಿದ್ದವು. ತಾಂಡೂರು ಗುಲಬರ್ಗಾ ಜಿಲ್ಲೆಗೆ ಸೇರಿತ್ತು. ಗಡಿಯ ಗೆರೆ ಬದಲಾದರೂ ಮನೆತನಗಳ ಕೊಡುಕೊಳು ನಿಲ್ಲಲಿಲ್ಲ. ಆದ್ದರಿಂದ ರಜೆಯ ದಿನಗಳಲ್ಲಿ ಮಕ್ಕಳನ್ನು ಕರೆದುಕೊಂಡು ಬೀದರ ಕೋಟೆಗೆ ಹೋಗುವುದು ನಮ್ಮಲ್ಲಿ ಅನೇಕರ ಮನೆಯ ರೂಢಿ. ಅಲ್ಲಿ ಬುರುಜಿನ ಮೇಲೆ ಮಲಗಿರುವ ತೋಪುಗಳನ್ನು ಕಂಡ ಮಕ್ಕಳು ಕೇಳುವ ಪ್ರಶ್ನೆ ಒಂದೇ: “ಇದರೊಳಗೆ ಏನು ತುಂಬುತ್ತಿದ್ದರು? ಈಗ ತುಂಬಿದರೆ ಹಾರುತ್ತದೆಯೇ?”

ಈ ಪ್ರಶ್ನೆಯ ಮೊದಲ ಅರ್ಧ ಚರಿತ್ರೆಗೆ ಸೇರಿದ್ದು. ಎರಡನೆಯ ಅರ್ಧ ನಮ್ಮ ಮನೆಗಳಿಗೆ ಸೇರಿದ್ದು. ಏಕೆಂದರೆ ಹಳೆಯ ಗೌಡಿಕೆ, ಪಟೇಲಿಕೆಯ ಮನೆಗಳ ಗೋಡೆಗಳಲ್ಲಿ ಒಂದು ಉದ್ದ ನಳಿಗೆಯ ಕೋವಿ ತೂಗುವುದು ಈ ಸೀಮೆಗೆ ಹೊಸದಲ್ಲ. ಮಹಾನವಮಿಯಂದು ಅದಕ್ಕೆ ಕುಂಕುಮ ಹಚ್ಚಿ ಪೂಜಿಸುವಾಗ “ಒಮ್ಮೆ ಹಾರಿಸಿ ನೋಡೋಣ” ಎಂಬ ಉತ್ಸಾಹ ಎಳೆಯರಲ್ಲಿ ಮೂಡುವುದು ಸಹಜ. ಆ ಉತ್ಸಾಹಕ್ಕೆ ಉತ್ತರ ಕೊಡಬೇಕಾದರೆ ಮದ್ದಿನ ಚರಿತ್ರೆಯನ್ನು ತಿಳಿದಿರಬೇಕು.

ಕನ್ನಡದಲ್ಲಿ ರೋಗ ಕಳೆಯುವುದೂ ಮದ್ದು, ಗುಂಡು ಹಾರಿಸುವುದೂ ಮದ್ದು. ಎರಡಕ್ಕೂ ಒಂದೇ ನಿಯಮ: ಪ್ರಮಾಣ ತಪ್ಪಿದರೆ ಪ್ರಾಣಕ್ಕೆ ಎರವು. ಬಾಯಿಯಿಂದ ಮದ್ದು, ಗುಂಡುಗಳನ್ನು ತುಂಬಿ ಗಜದಿಂದ ಜಡಿದು ಹಾರಿಸುವ ಕೋವಿಗೆ ತೆಲಂಗಾಣದ ಹಳ್ಳಿಗಳಲ್ಲಿ ‘ಭರ್ಮಾರ್’ ಎಂಬ ಹೆಸರಿದೆ. ತುಂಬು, ಹೊಡೆ ಎಂಬ ಎರಡು ಕ್ರಿಯೆಗಳೇ ಕೂಡಿ ಆ ಹೆಸರಾದಂತಿದೆ. ಮಲೆನಾಡಿನವರು ಇದರ ಕೇಪು ಬಳಸುವ ಬಗೆಯನ್ನು ‘ಕೇಪಿನ ಕೋವಿ’ ಎಂದು ಕರೆಯುತ್ತಾರೆ. ನಾವು ಇಲ್ಲಿ ಎಲ್ಲಕ್ಕೂ ತುಂಬುಕೋವಿ ಎಂಬ ಮಾತನ್ನೇ ಬಳಸುತ್ತೇವೆ.

ಕಪ್ಪುಮದ್ದು ಮೂರು ವಸ್ತುಗಳ ಮಿಶ್ರಣ: ಪೆಟ್ಲುಪ್ಪು, ಇದ್ದಲು, ಗಂಧಕ. ಇದರಲ್ಲಿ ಮುಕ್ಕಾಲು ಪಾಲು ಪೆಟ್ಲುಪ್ಪೇ. ಇದ್ದಲು ಉರಿಯುತ್ತದೆ, ಗಂಧಕವು ಬೇಗ ಕಿಡಿ ಹಿಡಿಯಲು ನೆರವಾಗುತ್ತದೆ, ಪೆಟ್ಲುಪ್ಪು ಆ ಉರಿಗೆ ಬೇಕಾದ ಆಮ್ಲಜನಕವನ್ನು ತಾನೇ ಒದಗಿಸುತ್ತದೆ. ಆದ್ದರಿಂದಲೇ ಗಾಳಿಯಾಡದ ನಳಿಗೆಯೊಳಗೂ ಮದ್ದು ಉರಿಯಬಲ್ಲದು. ಈ ಪೆಟ್ಲುಪ್ಪು ಹುಟ್ಟುವುದು ಹಳೆಯ ಊರುಗಳ ಮಣ್ಣಿನಲ್ಲಿ. ದನದ ಕೊಟ್ಟಿಗೆ, ಪಾಳುಗೋಡೆಯ ಬುಡ, ಮಳೆ ಬೀಳದ ನೆಲ ಇವುಗಳಲ್ಲಿ ಸೇರಿದ ಕೊಳೆಯನ್ನು ಸೂಕ್ಷ್ಮಜೀವಿಗಳು ಲವಣವಾಗಿ ಮಾರ್ಪಡಿಸುತ್ತವೆ. ಆ ಮಣ್ಣನ್ನು ನೀರಿನಲ್ಲಿ ಸೋಸಿ, ಕಾಯಿಸಿ, ಆರಿಸಿ ಹರಳು ತೆಗೆಯುವ ಕಸುಬು ನಮ್ಮ ದೇಶದಲ್ಲಿ ಬಹುಕಾಲ ನಡೆಯಿತು. ಬಿಹಾರದ ಪೆಟ್ಲುಪ್ಪನ್ನು ಡಚ್ಚರೂ ಇಂಗ್ಲಿಷರೂ ಹಡಗುಗಟ್ಟಲೆ ಯುರೋಪಿಗೆ ಸಾಗಿಸಿದರು.

ದಖ್ಖನಿನಲ್ಲಿ ಮದ್ದಿನ ಬಳಕೆಗೆ ಬೀದರವೇ ಒಂದು ಮುಖ್ಯ ನೆಲೆ. ಬಹಮನಿ ಮಂತ್ರಿ ಮಹಮೂದ್ ಗವಾನನ ಕಾಲದಲ್ಲಿ, 1472ರ ಬೆಳಗಾವಿ ಮುತ್ತಿಗೆಯಲ್ಲಿ, ಕೋಟೆಯ ಗೋಡೆಯಡಿ ಸುರಂಗ ತೋಡಿ ಮದ್ದು ತುಂಬಿ ಸಿಡಿಸಲಾಯಿತು. ದಕ್ಷಿಣ ಭಾರತದಲ್ಲಿ ಮದ್ದಿನ ಸುರಂಗವನ್ನು ಬಳಸಿದ ಬಹು ಹಿಂದಿನ ಪ್ರಸಂಗಗಳಲ್ಲಿ ಇದು ಒಂದು. ಅದೇ ಗವಾನನು ಬೀದರದಲ್ಲಿ ಕಟ್ಟಿಸಿದ ಮದರಸಾ ವಿದ್ಯೆಯ ಹಿರಿಯ ಕೇಂದ್ರವಾಗಿತ್ತು. ಇಂದು ಅದು ಪೂರ್ಣವಾಗಿ ಉಳಿದಿಲ್ಲ. 17ನೆಯ ಶತಮಾನದ ಕೊನೆಯಲ್ಲಿ ಅದಕ್ಕೆ ಸಿಡಿಲು ಬಡಿಯಿತೆಂದು ಕೆಲವರು, ಒಳಗೆ ಕೂಡಿಟ್ಟಿದ್ದ ಮದ್ದು ಸಿಡಿಯಿತೆಂದು ಕೆಲವರು ಹೇಳುತ್ತಾರೆ. ಪುಸ್ತಕವಿದ್ದ ಮನೆಯಲ್ಲಿ ಮದ್ದನ್ನು ಇಟ್ಟ ಮಾತು ನಿಜವಾದರೆ, ಅದಕ್ಕಿಂತ ಖೇದದ ಸಂಗತಿ ನಮ್ಮ ಸೀಮೆಯ ಚರಿತ್ರೆಯಲ್ಲಿ ವಿರಳ.

ಬೀದರ ಕೋಟೆ ಬಿದ್ದದ್ದೂ ಮದ್ದಿನಿಂದಲೇ. 1657ರ ಮಾರ್ಚಿಯಲ್ಲಿ ಔರಂಗಜೇಬನು ಮುತ್ತಿಗೆ ಹಾಕಿದಾಗ ಸಿದ್ದಿ ಮರ್ಜಾನ್ ಕೋಟೆಯನ್ನು ಕಾಯುತ್ತಿದ್ದನು. ಮೊಗಲರ ಕಡೆಯಿಂದ ಹಾರಿಬಂದ ಬಾಣವೊಂದು ಬುರುಜಿನ ಹಿಂದೆ ಕೂಡಿಟ್ಟಿದ್ದ ಮದ್ದಿನ ರಾಶಿಗೆ ಬಿದ್ದಿತು. ಅಲ್ಲಿಯೇ ನಿಂತಿದ್ದ ಮರ್ಜಾನನೂ ಅವನ ಮಕ್ಕಳೂ ಸುಟ್ಟುಹೋದರು. ಪ್ರಾಣ ಹೋಗುವ ಸ್ಥಿತಿಯಲ್ಲಿ ಅವನು ಕೋಟೆಯ ಬೀಗದ ಕೈಗಳನ್ನು ಕಳುಹಿಸಿದನು. 27 ದಿನಗಳ ಮುತ್ತಿಗೆ ಹೀಗೆ ಮುಗಿಯಿತು. ಗೆದ್ದವರಿಗೆ ದೊರೆತ ಸೊತ್ತಿನಲ್ಲಿ 230 ತೋಪುಗಳಿದ್ದವೆಂದು ಇತಿಹಾಸಕಾರ ಜದುನಾಥ ಸರ್ಕಾರರು ದಾಖಲಿಸಿದ್ದಾರೆ. ಅಷ್ಟು ತೋಪುಗಳಿದ್ದ ಕೋಟೆಯನ್ನು ಕೆಡವಿದ್ದು ತಪ್ಪಾದ ಜಾಗದಲ್ಲಿದ್ದ ಅದರದೇ ಮದ್ದು.

ಇನ್ನು ನಳಿಗೆಯ ಮಾತು. ದಖ್ಖನಿನ ಅನೇಕ ಹಳೆಯ ತೋಪುಗಳನ್ನು ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ, ಮೇಲೆ ಕಾದ ಬಳೆಗಳನ್ನು ಬಿಗಿದು, ಬೆಸೆದು ಮಾಡಿದ್ದಾರೆ. ಅಂಥ ನಳಿಗೆ ತಾಳುವ ಒತ್ತಡಕ್ಕೆ ಒಂದು ಮೇರೆ ಇದೆ. ಕಪ್ಪುಮದ್ದು ಆ ಮೇರೆಯೊಳಗೆ ಕೆಲಸ ಮಾಡುತ್ತಿತ್ತು. ಅದರ ಕಾಳು ದೊಡ್ಡದಾದರೆ ಉರಿ ನಿಧಾನ, ಸಣ್ಣದಾದರೆ ಉರಿ ಶೀಘ್ರ. ಆದ್ದರಿಂದ ತೋಪಿಗೆ ದಪ್ಪ ಕಾಳು, ಕೋವಿಗೆ ಸಣ್ಣ ಕಾಳು, ಕಿಡಿ ಹಿಡಿಯುವ ಕಿವಿಗೆ ಇನ್ನೂ ನುಣುಪು ಪುಡಿ ಎಂಬ ವಿಂಗಡಣೆ ಬೆಳೆಯಿತು. ನಳಿಗೆ ಬಲವಾದರೆ ಮದ್ದಿನ ಬಲವನ್ನೂ ಹೆಚ್ಚಿಸಬಹುದು ಎಂಬುದನ್ನು ಹೈದರ್ ಅಲಿ ಮತ್ತು ಟಿಪ್ಪುವಿನ ಮೈಸೂರು ರಾಕೆಟ್ಟುಗಳು ತೋರಿಸಿದವು. ಕಾಗದ, ಬಿದಿರುಗಳ ಬದಲು ಕಬ್ಬಿಣದ ಕೊಳವೆ ಬಳಸಿದ್ದರಿಂದ ಒಳಗಿನ ಒತ್ತಡ ಹೆಚ್ಚಿ, ಅವು ಹೆಚ್ಚು ದೂರ ಹಾರಿದವು. ಪಾತ್ರೆಯೇ ಮದ್ದಿನ ಪ್ರಮಾಣವನ್ನು ನಿಶ್ಚಯಿಸುತ್ತದೆ ಎಂಬುದು ಇಲ್ಲಿನ ಪಾಠ.

19ನೆಯ ಶತಮಾನದಲ್ಲಿ ಎರಡು ಬದಲಾವಣೆಗಳಾದವು. 1807ರಲ್ಲಿ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್ ಬಡಿತದಿಂದ ಸಿಡಿಯುವ ರಾಸಾಯನಿಕದಿಂದ ಕೋವಿಗೆ ಕಿಡಿ ಕೊಡುವ ವಿಧಾನಕ್ಕೆ ಹಕ್ಕುಪತ್ರ ಪಡೆದನು. ಅದರಿಂದ ತಾಮ್ರದ ಕೇಪು ಬಂದಿತು. ಉರಿಯುವ ಜಾಮಗಿ ಬತ್ತಿಯೂ ಕಲ್ಲಿನ ಚಕಮಕಿಯೂ ಹಿಂದೆ ಸರಿದವು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಹೊಗೆರಹಿತ ಮದ್ದನ್ನು ಸಿದ್ಧಪಡಿಸಿದನು. ಕಪ್ಪುಮದ್ದು ಉರಿದ ಮೇಲೆ ಅರ್ಧಕ್ಕಿಂತ ಹೆಚ್ಚು ಭಾಗ ಹೊಗೆಯಾಗಿ, ಮಸಿಯಾಗಿ ಉಳಿಯುತ್ತದೆ. ಹೊಸ ಮದ್ದು ಹೆಚ್ಚುಕಡಿಮೆ ಪೂರ್ತಿಯಾಗಿ ಅನಿಲವಾಗುತ್ತದೆ. ಆದ್ದರಿಂದ ಅದೇ ಅಳತೆಯ ಹೊಗೆರಹಿತ ಮದ್ದು ಹಲವು ಪಟ್ಟು ಒತ್ತಡವನ್ನು ಹುಟ್ಟಿಸುತ್ತದೆ. ಹಳೆಯ ತುಂಬುಕೋವಿಗೆ ಇದನ್ನು ತುಂಬಿದರೆ ಗುಂಡು ಮುಂದೆ ಹೋಗುವ ಮೊದಲೇ ನಳಿಗೆ ಒಡೆದು ಹಿಡಿದವನ ಕೈಯನ್ನೂ ಕಣ್ಣನ್ನೂ ಕಳೆಯುತ್ತದೆ. ತೋಟಾ ಬಿಚ್ಚಿ ತೆಗೆದ ಮದ್ದಿಗೂ ಪಟಾಕಿ ಒಡೆದು ತೆಗೆದ ಮದ್ದಿಗೂ ಇದೇ ಮಾತು ಅನ್ವಯಿಸುತ್ತದೆ. ಬಣ್ಣ ಒಂದೇ ಆದ ಮಾತ್ರಕ್ಕೆ ಗುಣ ಒಂದೇ ಅಲ್ಲ.

ಹಾಗಾದರೆ ಕಪ್ಪುಮದ್ದಿಗೆ ತಕ್ಕ ಬದಲಿ ಇಲ್ಲವೇ? ಇದೆ, ಅದರ ಕಥೆಯೂ ಎಚ್ಚರಿಕೆಯ ಕಥೆಯೇ. ಕಪ್ಪುಮದ್ದು ಸ್ಫೋಟಕವೆಂದು ಪರಿಗಣಿತವಾದ್ದರಿಂದ ಅದರ ಸಂಗ್ರಹ, ಸಾಗಣೆಗಳು ಕಠಿಣವಾದವು. ಅಮೆರಿಕದಲ್ಲಿ ತುಂಬುಕೋವಿಯ ಕ್ರೀಡೆ ಮತ್ತೆ ಚಿಗುರಿದ 1970ರ ದಶಕದಲ್ಲಿ ಡ್ಯಾನ್ ಪಾವ್ಲಾಕ್ ಎಂಬಾತ ‘ಪೈರೊಡೆಕ್ಸ್’ ಎಂಬ ಬದಲಿ ಮದ್ದನ್ನು ರೂಪಿಸಿದನು. 1977ರಲ್ಲಿ ತಯಾರಿಕೆಯ ಸ್ಥಳದಲ್ಲಿಯೇ ನಡೆದ ಅವಘಡದಲ್ಲಿ ಅವನು ಸತ್ತನು. ಹೆಚ್ಚು ಸುರಕ್ಷಿತವಾದ ಮದ್ದನ್ನು ಹುಡುಕಿದವನೂ ಸಿದ್ದಿ ಮರ್ಜಾನನ ಗತಿಯನ್ನೇ ಕಂಡನು. ಪೈರೊಡೆಕ್ಸ್ ಆಮೇಲೆ ಹಾಜ್‌ಡನ್ ಕಂಪನಿಯ ಮೂಲಕ ಬಳಕೆಗೆ ಬಂದಿತು. ಗಂಧಕವಿಲ್ಲದ ‘ಟ್ರಿಪಲ್ ಸೆವೆನ್’, ಹೊಸ ಬಗೆಯ ಕೋವಿಗಳಿಗೆಂದೇ ಮಾಡಿದ ‘ಬ್ಲ್ಯಾಕ್‌ಹಾರ್ನ್ 209’ ಮುಂತಾದವು ನಂತರ ಬಂದವು.

ಇವುಗಳಲ್ಲಿ ಆಯ್ಕೆ ಮಾಡುವವರು ಮೊದಲು ನೋಡಬೇಕಾದದ್ದು ಕೋವಿಗೆ ಕಿಡಿ ಹೇಗೆ ಬೀಳುತ್ತದೆ ಎಂಬುದನ್ನು. ಬದಲಿ ಮದ್ದುಗಳು ಕಪ್ಪುಮದ್ದಿನಷ್ಟು ಸುಲಭವಾಗಿ ಕಿಡಿ ಹಿಡಿಯುವುದಿಲ್ಲ. ಆದ್ದರಿಂದ ಜಾಮಗಿ ಮತ್ತು ಚಕಮಕಿಯ ಕೋವಿಗಳಿಗೆ ಕಪ್ಪುಮದ್ದೇ ತಕ್ಕದ್ದು. ಕೇಪಿನ ಕೋವಿಗೆ ಪೈರೊಡೆಕ್ಸ್ ಒಗ್ಗುತ್ತದೆ. ಬ್ಲ್ಯಾಕ್‌ಹಾರ್ನ್ ಅದಕ್ಕೂ ಸಲ್ಲದು. ಎರಡನೆಯದು ಅಳತೆ. ಪೈರೊಡೆಕ್ಸ್ ಹಗುರ, ಅದನ್ನು ತೂಗದೆ, ಕಪ್ಪುಮದ್ದಿನ ಅಳತೆಯ ಕೊಳವೆಯಿಂದಲೇ ಅಳೆಯಬೇಕು. ತೂಕದಿಂದ ಸರಿಗಟ್ಟಿಸಿದರೆ ಅದು ಮಿತಿ ಮೀರುತ್ತದೆ. ಟ್ರಿಪಲ್ ಸೆವೆನ್ ಹೆಚ್ಚು ಬಿರುಸು. ಅದನ್ನು ಸುಮಾರು ಶೇ. 15ರಷ್ಟು ಕಡಿಮೆ ಅಳೆಯಬೇಕು. ಮೂರನೆಯದು ತುಕ್ಕು. ಕಪ್ಪುಮದ್ದಿನ ಮಸಿ ತೇವವನ್ನು ಹೀರಿ ನಳಿಗೆಯನ್ನು ತಿನ್ನುತ್ತದೆ. ಪೈರೊಡೆಕ್ಸಿನ ಉಳಿಕೆಯೂ ಅದಕ್ಕಿಂತ ಮೃದುವೇನಲ್ಲ. ಹಾರಿಸಿದ ದಿನವೇ ನೀರಿನಿಂದ ತೊಳೆದು, ಒಣಗಿಸಿ, ಎಣ್ಣೆ ಸವರಬೇಕು. ಪರದೇಶದಲ್ಲಿ ನೆಲೆಸಿ ಈ ಕ್ರೀಡೆಯಲ್ಲಿ ತೊಡಗಿರುವ ನಮ್ಮ ಮಕ್ಕಳಿಗೆ ಈ ಮೂರು ಮಾತು ಸಾಕು.

ಕನ್ನಡನಾಡಿನಲ್ಲಿ ತುಂಬುಕೋವಿಯ ಸಂಸ್ಕೃತಿ ಇಂದಿಗೂ ಗೌರವದಿಂದ ಉಳಿದಿರುವುದು ಕೊಡಗಿನಲ್ಲಿ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ನಿಶ್ಶಸ್ತ್ರೀಕರಣ ಕಾಯಿದೆಯಿಂದ ಕೊಡಗಿಗೆ ವಿನಾಯಿತಿ ಕೊಟ್ಟನು. ಇಂದು ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೆಲವು ಬಗೆಯ ಕೋವಿಗಳ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ, ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಗುಂಡಿನ ಸದ್ದು ಅಲ್ಲಿನ ಬಾಳಿನ ಅಂಗ. ಈ ವಿನಾಯಿತಿ ನಮ್ಮ ಸೀಮೆಗೆ ಇಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಹಾರಬಲ್ಲ ಕೋವಿಗೆ ಪರವಾನಗಿ ಬೇಕು, ಮದ್ದಿಗೂ ಬೇಕು.

ಇದಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ. ಕಪ್ಪುಮದ್ದು ಒಣಗಿದ್ದರೆ ಮುಪ್ಪಾಗುವುದಿಲ್ಲ. ಅಮೆರಿಕದ ಅಂತರ್ಯುದ್ಧದ ಕಾಲದ ಗುಂಡೊಂದು 2008ರಲ್ಲಿ, ಸುಮಾರು 145 ವರ್ಷಗಳ ಮೇಲೆ, ವರ್ಜೀನಿಯಾದಲ್ಲಿ ಸಿಡಿದು ಅದನ್ನು ಸ್ವಚ್ಛಗೊಳಿಸುತ್ತಿದ್ದವನ ಪ್ರಾಣ ತೆಗೆಯಿತು. ನಮ್ಮ ಶಿವಮೊಗ್ಗ ಜಿಲ್ಲೆಯ ನಗರದ ಬಳಿ 2018ರಲ್ಲಿ ಪಾಳುಬಾವಿಯೊಂದರಿಂದ ಟಿಪ್ಪುವಿನ ಕಾಲದವೆಂದು ಗುರುತಿಸಿದ ಸಾವಿರಕ್ಕೂ ಹೆಚ್ಚು ರಾಕೆಟ್ ಕೊಳವೆಗಳು ದೊರೆತಾಗ ಅವುಗಳೊಳಗೆ ಮದ್ದಿನ ಅಂಶ ಇನ್ನೂ ಇತ್ತು. ಹಿಂದಿನವರು ಕಳ್ಳಕಾಕರ ಭಯದಿಂದ ಕೋವಿಯನ್ನು ತುಂಬಿಯೇ ತೂಗುಹಾಕುತ್ತಿದ್ದುದುಂಟು. ಅಜ್ಜ ತುಂಬಿದ ಈಡು ಮೊಮ್ಮಗನ ಕಾಲದವರೆಗೂ ನಳಿಗೆಯಲ್ಲಿ ಕಾದಿರಬಹುದು. ಆದ್ದರಿಂದ ಮನೆಯಲ್ಲಿ ಹಳೆಯ ಕೋವಿ ಇದ್ದರೆ ಅದು ತುಂಬಿದೆ ಎಂದೇ ತಿಳಿಯಬೇಕು. ಅದನ್ನು ಬೆಂಕಿಯ ಬಳಿ ಒಯ್ಯಬಾರದು, ಕುದುರೆ ಎಳೆದು ಆಡಬಾರದು, ಮಕ್ಕಳ ಕೈಗೆ ಕೊಡಬಾರದು, ಬೆಸುಗೆಗೆ ಒಯ್ಯಬಾರದು. ಬಲ್ಲವರಿಂದ ಪರೀಕ್ಷಿಸಿ, ಪೊಲೀಸರಿಗೆ ತಿಳಿಸಿ, ನಿಷ್ಕ್ರಿಯಗೊಳಿಸಿ ಇಡುವುದೇ ಹಿರಿಯರಿಗೆ ಸಲ್ಲಿಸುವ ಗೌರವ. ಅದರಿಂದ ಕೋವಿಯ ಮಾನ ಕುಂದುವುದಿಲ್ಲ. ಪೂಜೆಗೆ ಗುಂಡಿನ ಸದ್ದು ಬೇಕಿಲ್ಲ.

ಕೊನೆಯದಾಗಿ ಮತ್ತೆ ಬೀದರ ಕೋಟೆಗೆ ಬರೋಣ. ಬಿದ್ರಿ ಕೆಲಸದ ಕುಶಲಿಗಳು ಸತು, ತಾಮ್ರಗಳ ಮಿಶ್ರಲೋಹದ ಮೇಲೆ ಬೆಳ್ಳಿಯನ್ನು ಕೂರಿಸಿದ ಬಳಿಕ, ಬಿಸಿಲು ಮಳೆ ಕಾಣದ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಕಲಸಿ ಅದಕ್ಕೆ ಹಚ್ಚುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಹೊಳೆಯುತ್ತದೆ. ತಕ್ಕ ಮಣ್ಣನ್ನು ಅವರು ನಾಲಿಗೆಯ ರುಚಿಯಿಂದಲೇ ಗುರುತಿಸುತ್ತಾರೆ. ಆ ಮಣ್ಣಿನ ಗುಣಕ್ಕೆ ಪೆಟ್ಲುಪ್ಪಿನ ಜಾತಿಯ ಲವಣಗಳೇ ಕಾರಣವೆಂದು ತಿಳಿದವರು ಹೇಳುತ್ತಾರೆ. ಒಂದು ಕಾಲದಲ್ಲಿ ಮದ್ದಾಗಿ ಬುರುಜುಗಳನ್ನು ಉರುಳಿಸಿದ ಲವಣದ ಬಳಗವೇ ಇಂದು ಹೂಜಿಯ ಮೇಲೆ ಬಳ್ಳಿಯನ್ನು ಬೆಳಗಿಸುತ್ತಿದೆ. ಮುಂದಿನ ಸಲ ಕೋಟೆಗೆ ಹೋದಾಗ ಮಕ್ಕಳು ತೋಪಿನ ಬಾಯಿಯಲ್ಲಿ ಇಣುಕಿ ಅದೇ ಪ್ರಶ್ನೆ ಕೇಳುತ್ತಾರೆ. ಆಗ ಅವರಿಗೆ ಮರ್ಜಾನನ ಕಥೆಯನ್ನು ಹೇಳಿ, ಅಲ್ಲಿಂದ ಬಿದ್ರಿಯವರ ಬೀದಿಗೂ ಕರೆದುಕೊಂಡು ಹೋಗಿ ಬರೋಣ.