ಸಿಂಡ್ರೆಲಾ ಯಾಕೆ ಮಾತು ಕೇಳಿದಳು?

ರಜಾ ಚೀಟಿ ಬರೆಯುವುದನ್ನು ನಾವು ಐದನೆಯ ತರಗತಿಯಲ್ಲೇ ಕಲಿಸಿಬಿಡುತ್ತೇವೆ. ಮೇಲೆ ‘ಇಂದ’, ‘ಇವರಿಗೆ’, ಆಮೇಲೆ ‘ಮಾನ್ಯರೇ’, ಜ್ವರವೋ ಅಕ್ಕನ ಮದುವೆಯೋ ಒಂದು ಕಾರಣ, ಕೊನೆಗೆ ‘ಇಂತಿ ತಮ್ಮ ವಿಧೇಯ ವಿದ್ಯಾರ್ಥಿನಿ’. ಇಷ್ಟು ವರ್ಷಗಳಲ್ಲಿ ಇಂಥ ಸಾವಿರಾರು ಚೀಟಿಗಳಿಗೆ ನಾನು ಸಹಿ ಹಾಕಿರಬೇಕು. ವಿಧೇಯ ಎಂದರೇನು ಮಿಸ್ ಎಂದು ಒಬ್ಬ ಹುಡುಗಿಯೂ ಕೇಳಲಿಲ್ಲ. ಕೇಳದೆ ಇರುವುದೇ ಅದರ ಅರ್ಥ ಎಂದು ಅವರಿಗೆ ತಿಳಿದಿತ್ತೋ ಏನೋ.

ಆ ಪದ ನನ್ನನ್ನು ಮೊದಲ ಸಲ ಚುಚ್ಚಿದ್ದು ಒಂದು ಮಕ್ಕಳ ಕಾದಂಬರಿಯಿಂದ. ಮಗಳು ಹೈಸ್ಕೂಲಿನಲ್ಲಿದ್ದಾಗ ಓದಿ ಅಟ್ಟಕ್ಕೆ ಸೇರಿಸಿದ್ದ ಪುಸ್ತಕ. ದಸರಾ ರಜೆಯಲ್ಲಿ ಅಟ್ಟ ಗುಡಿಸುವಾಗ ಕೈಗೆ ಸಿಕ್ಕಿತು. ‘ಎಲಾ ಎನ್‌ಚಾಂಟೆಡ್’ ಎಂದು ಹೆಸರು, ಬರೆದವಳು ಅಮೆರಿಕದ ಗೇಲ್ ಕಾರ್ಸನ್ ಲೆವೀನ್. ಎರಡು ಪುಟ ನೋಡೋಣ ಎಂದು ಏಣಿಯ ಮೇಲೆ ಕುಳಿತವಳು ಒಲೆಯ ಮೇಲಿಟ್ಟ ಬೇಳೆ ಸೀಯುವವರೆಗೂ ಇಳಿಯಲಿಲ್ಲ.

ಅದು ಸಿಂಡ್ರೆಲಾಳದೇ ಕಥೆ. ಆದರೆ ಲೆವೀನ್ ಒಂದೇ ಒಂದು ಎಳೆಯನ್ನು ಬದಲಿಸಿದ್ದಾಳೆ. ಎಲಾ ಹುಟ್ಟಿದ ದಿನ ಲೂಸಿಂಡಾ ಎಂಬ ಯಕ್ಷಿಣಿ ತೊಟ್ಟಿಲ ಬಳಿ ಬಂದು, ಅಳುತ್ತಿದ್ದ ಮಗುವಿಗೆ ಒಂದು ವರ ಕೊಡುತ್ತಾಳೆ: ಈ ಮಗು ಯಾವಾಗಲೂ ಹೇಳಿದ ಮಾತು ಕೇಳಲಿ. ಅಲ್ಲಿಂದ ಯಾರು ಏನು ಆಜ್ಞೆ ಮಾಡಿದರೂ ಎಲಾ ಮಾಡಲೇಬೇಕು. ಮಾಡದಿದ್ದರೆ ತಲೆ ಸುತ್ತುತ್ತದೆ, ಉಸಿರು ಕಟ್ಟುತ್ತದೆ. ಹುಟ್ಟುಹಬ್ಬದ ಕೇಕು ಕೊಟ್ಟು ‘ತಿನ್ನು’ ಎಂದರೆ, ಸಾಕು ಎನ್ನುವವರೆಗೂ ನಿಲ್ಲಿಸಲಾಗದು. ತಾಯಿ ಮಗಳನ್ನು ಕಾಪಾಡಲು, ಈ ವಿಷಯ ಯಾರಿಗೂ ಹೇಳಬೇಡ ಎನ್ನುತ್ತಾಳೆ. ಅದೂ ಒಂದು ಆಜ್ಞೆಯೇ ಆಯಿತಲ್ಲ! ಇನ್ನು ಎಲಾ ತನ್ನ ಕಷ್ಟವನ್ನು ಯಾರಲ್ಲಿಯೂ ಬಾಯಿಬಿಟ್ಟು ಹೇಳುವಂತಿಲ್ಲ. ‘ಹೊರಗೆ ಎಲ್ಲೂ ಹೇಳಬೇಡ ಮಗಳೇ’ ಎಂಬ ಮಾತನ್ನು ತಾಯಿಯ ಬಾಯಿಂದ ಕೇಳದೆ ಗಂಡನ ಮನೆಗೆ ಹೋದವರು ನಮ್ಮಲ್ಲಿ ಎಷ್ಟು ಜನ ಇದ್ದೀರಿ?

ಲೆವೀನ್ ಹುಟ್ಟಿದ್ದು 1947ರಲ್ಲಿ, ನ್ಯೂಯಾರ್ಕ್ ನಗರದಲ್ಲಿ. ಬಹುಕಾಲ ಅಲ್ಲಿಯ ರಾಜ್ಯ ಸರ್ಕಾರದ ನೌಕರಿಯಲ್ಲಿದ್ದಳು. ಬರೆದದ್ದನ್ನೆಲ್ಲ ಪ್ರಕಾಶಕರು ವರ್ಷಗಟ್ಟಲೆ ಹಿಂದಿರುಗಿಸಿದರು. ಈ ಕಾದಂಬರಿ ಅಚ್ಚಾದ 1997ರಲ್ಲಿ ಅವಳಿಗೆ ಐವತ್ತು ತುಂಬುತ್ತಿತ್ತು. (ಈ ಸಾಲು ಓದಿ ನನಗೆ ಎಷ್ಟು ಸಮಾಧಾನವಾಯಿತು ಎಂದು ಹೇಳುವುದು ಬೇಡ.) ಮರುವರ್ಷ ಅದಕ್ಕೆ ನ್ಯೂಬೆರಿ ಗೌರವ ಬಂತು. ಬರವಣಿಗೆ ಕಲಿಸುವ ಒಂದು ತರಗತಿಗಾಗಿ ಸಿಂಡ್ರೆಲಾ ಕಥೆಯನ್ನು ಕೈಗೆತ್ತಿಕೊಂಡಾಗ, ಇಷ್ಟೊಂದು ಒಳ್ಳೆಯವಳಾದ ಹುಡುಗಿಯ ಜೊತೆ ಹತ್ತು ಪುಟ ಕಳೆಯುವುದೂ ತನ್ನಿಂದಾಗದು ಎನ್ನಿಸಿತಂತೆ. ಅವಳು ಯಾಕೆ ಎಲ್ಲದಕ್ಕೂ ಹೂಂ ಎನ್ನುತ್ತಾಳೆ? ಉತ್ತರ ಸಿಗದಿದ್ದಾಗ ಹೊಳೆದದ್ದು ಈ ಶಾಪ.

ಹಳೆಯ ಕಥೆಗೆ ಇಂದಿನ ಕಾಲದವರು ತಮ್ಮ ಬುದ್ಧಿ ತುರುಕಿದ್ದಾರೆ ಎಂದು ಗೊಣಗುವವರಿದ್ದಾರೆ. ನಾನೂ ಮೊದಲು ಹಾಗೆಯೇ ಅಂದುಕೊಂಡೆ. ಆದರೆ ಹಳೆಯ ಕಥೆ ಎಂದರೆ ಯಾವುದು, ಎಷ್ಟು ಹಳೆಯದು ಎಂದು ಹುಡುಕಲು ಹೊರಟರೆ ಬೇರೆಯೇ ಸಂಗತಿ ಕಾಣುತ್ತದೆ.

ಚೀನಾದಲ್ಲಿ ಡುವಾನ್ ಚೆಂಗ್‌ಷಿ ಎಂಬಾತ ಒಂಬತ್ತನೆಯ ಶತಮಾನದಲ್ಲೇ ಯೆ ಷಿಯೆನ್ ಎಂಬ ಹುಡುಗಿಯ ಕಥೆ ಬರೆದಿಟ್ಟಿದ್ದಾನೆ. ಅವಳಿಗೂ ಮಲತಾಯಿ ಇದ್ದಾಳೆ, ಕಳೆದುಹೋಗುವ ಚಿನ್ನದ ಪಾದರಕ್ಷೆ ಇದೆ, ಅದರ ಜಾಡು ಹಿಡಿದು ಬರುವ ರಾಜನಿದ್ದಾನೆ. ಬಯಸಿದ್ದನ್ನು ಕೊಡುವುದು ಮಾತ್ರ ಅವಳು ಸಾಕಿದ ಮೀನಿನ ಮೂಳೆಗಳು. ಯುರೋಪಿನಲ್ಲಿ ಈ ಕಥೆ ಪೂರ್ಣರೂಪದಲ್ಲಿ ಅಚ್ಚಾದದ್ದು 1634ರಲ್ಲಿ ಹೊರಬರತೊಡಗಿದ ಜಾಂಬಾಟಿಸ್ಟಾ ಬಸೀಲೆಯ ಸಂಗ್ರಹದಲ್ಲಿ, ನೇಪಲ್ಸಿನ ಆಡುನುಡಿಯಲ್ಲಿ. ಅದರ ನಾಯಕಿ ಜೆಜೊಲ್ಲಾ. ಅವಳು ಏನು ಮಾಡುತ್ತಾಳೆ ಗೊತ್ತೇ? ಮನೆಗೆ ಪಾಠ ಹೇಳಲು ಬರುವವಳ ಮಾತು ಕೇಳಿ, ಬಟ್ಟೆ ಹುಡುಕಲು ಪೆಟ್ಟಿಗೆಯೊಳಗೆ ಬಗ್ಗಿದ ಮಲತಾಯಿಯ ಕತ್ತಿನ ಮೇಲೆ ಮುಚ್ಚಳ ಬೀಳಿಸಿ ಕೊಂದೇಬಿಡುತ್ತಾಳೆ. ಆಮೇಲೆ ಅಪ್ಪ ಆ ಪಾಠದವಳನ್ನೇ ಮದುವೆಯಾಗುತ್ತಾನೆ, ಅವಳು ಬಚ್ಚಿಟ್ಟಿದ್ದ ಆರು ಹೆಣ್ಣುಮಕ್ಕಳು ಹೊರಬರುತ್ತಾರೆ, ಜೆಜೊಲ್ಲಾ ಬೂದಿಗೆ ಬೀಳುತ್ತಾಳೆ. ಕೊಲೆ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಆದರೆ ಈ ಹುಡುಗಿಯನ್ನು ಸಾಧುಪ್ರಾಣಿ ಎಂದು ಕರೆಯಲು ಯಾರಿಗೂ ಸಾಧ್ಯವಿಲ್ಲ.

ನಮಗೆ ಗೊತ್ತಿರುವ ಸಿಂಡ್ರೆಲಾ, ಅಂದರೆ ಕುಂಬಳಕಾಯಿಯ ರಥ, ಗಾಜಿನ ಪಾದರಕ್ಷೆ, ಮಂತ್ರದಂಡದ ಧರ್ಮತಾಯಿ ಇರುವವಳು, ಹುಟ್ಟಿದ್ದು 1697ರಲ್ಲಿ, ಪ್ಯಾರಿಸಿನಲ್ಲಿ. ಬರೆದವನು ಶಾರ್ಲ್ ಪೆರೋ. ಹದಿನಾಲ್ಕನೆಯ ಲೂಯಿಯ ಸರ್ಕಾರದಲ್ಲಿ ದೊಡ್ಡ ಅಧಿಕಾರಿಯಾಗಿದ್ದವನು, ಆಗ ಎಪ್ಪತ್ತರ ಅಂಚಿನಲ್ಲಿದ್ದ. ಅವನ ಸಿಂಡ್ರೆಲಾ ಎಲ್ಲವನ್ನೂ ಸಹಿಸುತ್ತಾಳೆ; ಅಪ್ಪ ಹೆಂಡತಿಯ ಮುಷ್ಟಿಯಲ್ಲಿದ್ದಾನೆಂದು ಅವನಿಗೂ ದೂರು ಹೇಳುವುದಿಲ್ಲ. ಅಕ್ಕಂದಿರು ನೃತ್ಯಕ್ಕೆ ಹೊರಟಾಗ ಅವರ ತಲೆ ಬಾಚಿ ಸಿಂಗರಿಸುವವಳೂ ಅವಳೇ. ಬೇರೆ ಯಾರಾದರೂ ಆಗಿದ್ದರೆ ಸೊಟ್ಟಗೆ ಬಾಚುತ್ತಿದ್ದರು, ಇವಳು ಚೆನ್ನಾಗಿಯೇ ಬಾಚಿದಳು ಎಂದು ಪೆರೋ ಮೆಚ್ಚುತ್ತಾನೆ. ಕೊನೆಗೆ ಅವರನ್ನು ಕ್ಷಮಿಸಿ, ಆಸ್ಥಾನದ ಸರದಾರರಿಗೆ ಕೊಟ್ಟು ಮದುವೆಯನ್ನೂ ಮಾಡಿಸುತ್ತಾಳೆ.

ಅದೇ ಕಾಲದಲ್ಲಿ, ಅದೇ ಪ್ಯಾರಿಸಿನಲ್ಲಿ, ಒಬ್ಬ ಹೆಂಗಸೂ ಸಿಂಡ್ರೆಲಾ ಕಥೆ ಬರೆದಳು ಎಂಬುದು ಎಷ್ಟು ಜನಕ್ಕೆ ಗೊತ್ತು? ಅವಳು ಮದಾಂ ದೋನ್ವಾ. ಹದಿಹರೆಯದಲ್ಲೇ, ತನಗಿಂತ ಸುಮಾರು ಮೂವತ್ತು ವರ್ಷ ದೊಡ್ಡವನಾದ ಒಬ್ಬ ಬ್ಯಾರನ್‌ಗೆ ಅವಳನ್ನು ಕೊಟ್ಟು ಮದುವೆ ಮಾಡಿದ್ದರು. ‘ಯಕ್ಷಿಣಿ ಕಥೆ’ ಎಂಬ ಹೆಸರು ಚಾಲ್ತಿಗೆ ಬಂದದ್ದೇ ಅವಳ ಪುಸ್ತಕದ ಹೆಸರಿನಿಂದ. ಅವಳ ನಾಯಕಿ ಫಿನೆಟ್ ಸಾಂದ್ರೋ. ಹೆಸರೇ ಹೇಳುವಂತೆ ಜಾಣೆ. ಅಕ್ಕಂದಿರ ಜೊತೆ ರಾಕ್ಷಸರ ಕೋಟೆಗೆ ಸಿಕ್ಕಿಬಿದ್ದಾಗ ಫಿನೆಟ್ ರಾಕ್ಷಸನನ್ನು ಒಲೆಯೊಳಕ್ಕೆ ತಳ್ಳುತ್ತಾಳೆ. ಅವನ ಹೆಂಡತಿಗೆ, ನಿನ್ನನ್ನು ಚೆಂದ ಮಾಡುತ್ತೇವೆ ಬಾ ಎಂದು ಕೂರಿಸಿ, ತಲೆ ಬಾಚುವ ನೆಪದಲ್ಲಿ ಕೊಡಲಿಯಿಂದ ತಲೆಯನ್ನೇ ಹಾರಿಸುತ್ತಾಳೆ. ರಾಜಕುಮಾರ ಸಿಕ್ಕಾಗಲೂ ಕಾಲಿಗೆ ಬೀಳುವುದಿಲ್ಲ. ನಮ್ಮ ತಂದೆತಾಯಿಯಿಂದ ಕಿತ್ತುಕೊಂಡ ರಾಜ್ಯವನ್ನು ಹಿಂದಕ್ಕೆ ಕೊಟ್ಟರೆ ಮಾತ್ರ ಮದುವೆ ಎನ್ನುತ್ತಾಳೆ. ಒಂದೇ ಊರು, ಒಂದೇ ಕಾಲ, ಎರಡು ಬಾಚಣಿಗೆ. ಮೂರು ಶತಮಾನ ಉಳಿದದ್ದು ನೇರವಾಗಿ ಬೈತಲೆ ತೆಗೆದ ಬಾಚಣಿಗೆ. 1950ರಲ್ಲಿ ಡಿಸ್ನಿ ಸಿನಿಮಾ ತೆಗೆದಾಗಲೂ ಪೆರೋನ ಕಥೆಯನ್ನೇ ಹಿಡಿದದ್ದು.

ಜರ್ಮನಿಯ ಗ್ರಿಮ್ ಸಹೋದರರು 1812ರಲ್ಲಿ ತಮ್ಮ ಸಂಗ್ರಹ ತಂದರು. ಅಲ್ಲಿ ಸಾಯುವ ತಾಯಿ ಮಗಳಿಗೆ ಒಳ್ಳೆಯವಳಾಗಿರು, ದೈವಭಕ್ತಳಾಗಿರು ಎಂದು ಹೇಳಿಯೇ ಕಣ್ಣು ಮುಚ್ಚುತ್ತಾಳೆ. 1857ರವರೆಗೆ ಅವರು ಆ ಕಥೆಗಳನ್ನು ತಿದ್ದುತ್ತಲೇ ಹೋದರು. ಆವೃತ್ತಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ವಿದ್ವಾಂಸರು ಒಂದು ವಿಚಿತ್ರ ತೋರಿಸುತ್ತಾರೆ: ತಿದ್ದಿದ ಹಾಗೆಲ್ಲ ಸಿಂಡ್ರೆಲಾಳ ಬಾಯಲ್ಲಿ ಬರುವ ಮಾತು ಕಡಿಮೆಯಾಗಿದೆ. ಅಂದರೆ ಈ ಹುಡುಗಿ ಹುಟ್ಟಾ ಮೂಕಿಯಲ್ಲ. ಅಚ್ಚಿನ ಮನೆಯಲ್ಲಿ ಅವಳ ಬಾಯಿ ಕಟ್ಟಿದ್ದಾರೆ.

ಇಂಗ್ಲೆಂಡಿನ ಮರಿಯನ್ ಕಾಕ್ಸ್ ಎಂಬಾಕೆ 1893ರಲ್ಲೇ ಈ ಕಥೆಯ 345 ರೂಪಗಳನ್ನು ಕಲೆಹಾಕಿದ್ದಳು. ನಮ್ಮದೊಂದು ರೂಪವನ್ನು ಹೊರಗಿನ ಲೋಕಕ್ಕೆ ತೋರಿಸಿದವರು ಎ.ಕೆ. ರಾಮಾನುಜನ್. 1950ರ ದಶಕದಲ್ಲಿ ಬೆಳಗಾವಿಯಲ್ಲಿ ಪಾಠ ಮಾಡುತ್ತಿದ್ದಾಗ ಆ ಕಡೆಯ ಹೆಂಗಸರ ಬಾಯಿಂದ ಅವರು ಎಷ್ಟೋ ಕಥೆಗಳನ್ನು ಕೇಳಿ ಬರೆದುಕೊಂಡರು. ಸಿಂಡ್ರೆಲಾ ಬಗ್ಗೆ ಅಮೆರಿಕದಲ್ಲಿ 1982ರಲ್ಲಿ ಬಂದ ಒಂದು ಸಂಕಲನದಲ್ಲಿ ಅವರು ‘ಹಂಚಿ’ಯ ಕಥೆ ಕೊಟ್ಟಿದ್ದಾರೆ. ಚಿನ್ನದ ಕೂದಲಿನ ಹುಡುಗಿ. ಅವಳ ಒಡಹುಟ್ಟಿದ ಅಣ್ಣನ ಕಣ್ಣೇ ಅವಳ ಮೇಲೆ ಬೀಳುತ್ತದೆ. ದಿಕ್ಕುಗೆಟ್ಟ ತಾಯಿ ಮಗಳ ಮುಖಕ್ಕೆ ಮಣ್ಣಿನ ಮುಖವಾಡ ಕಟ್ಟಿ, ಹೋಗು ಮಗಳೇ, ಎಲ್ಲಾದರೂ ಬದುಕಿಕೋ ಎಂದು ಮನೆಯಿಂದ ಹೊರಡಿಸುತ್ತಾಳೆ. ಹಂಚಿನ ಮುಖದವಳು ಹಂಚಿ. ಸಾಹುಕಾರರ ಮನೆಯಲ್ಲಿ ಅಡುಗೆಗೆ ಸೇರುತ್ತಾಳೆ. ಎಲ್ಲರೂ ಹೊರಗೆ ಹೋದ ದಿನ ಮುಖವಾಡ ತೆಗೆದು ಎರೆದುಕೊಳ್ಳುವಾಗ ಆ ಮನೆಯ ಮಗ ಕಾಣುತ್ತಾನೆ, ಮದುವೆಯಾಗುತ್ತದೆ.

ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಹೇಳಿದವರು ಹೆಂಗಸರಲ್ಲವೇ, ಮದುವೆಯಾದರೆ ಕಷ್ಟ ಮುಗಿಯಿತು ಎಂದು ಅವರು ಹೇಗೆ ಹೇಳಿಯಾರು? ಆ ಮನೆಗೆ ಬರುವ ಗುರುಸ್ವಾಮಿ ಎಂಬ ಕಪಟಿ ಅವಳ ಮೇಲೆ ಆಸೆಪಟ್ಟು ಮಂತ್ರಿಸಿದ ಹಣ್ಣುಹಂಪಲು, ವೀಳ್ಯ ಕೊಡುತ್ತಾನೆ. ಹಂಚಿ ಅದನ್ನು ತಿನ್ನದೆ ಅಡುಗೆಮನೆಯ ಸಾಮಾನಿನಲ್ಲಿ ಇಡುತ್ತಾಳೆ. ರಾತ್ರಿ ಅವಳಿಗಾಗಿ ಕಾಯುತ್ತಿರುವ ಅವನ ಕೋಣೆಗೆ ಆ ಸಾಮಾನುಗಳೇ ಹೋಗಿ ನಿಲ್ಲುತ್ತವೆ. ಅವನು ಸೇಡಿಗೆ ಅವಳ ನಡತೆಯ ಮೇಲೆ ಗೂಬೆ ಕೂರಿಸುತ್ತಾನೆ, ಅವಳನ್ನು ಪೆಟ್ಟಿಗೆಗೆ ಹಾಕಿ ಸಾಗಿಸುತ್ತಾರೆ. ಬಿಡಿಸುವವಳು ಒಬ್ಬ ಮುದುಕಿ. ಕೊಟ್ಟದ್ದನ್ನು ಬಾಯಿಗೆ ಹಾಕಿಕೊಳ್ಳದ ನಮ್ಮ ಹಂಚಿಗೂ ‘ತಿನ್ನು’ ಎಂದರೆ ತಿನ್ನಲೇಬೇಕಾದ ಎಲಾಗೂ ನಡುವೆ ಸಮುದ್ರವಿದೆ. ಆದರೂ ಎಲಾಳನ್ನು ಓದುವಾಗ ನನಗೆ ಹಂಚಿಯ ನೆನಪು ಬಂತು. ಪೆರೋನ ಹುಡುಗಿಗೆ ಎಂದೂ ಇಲ್ಲದಿದ್ದ ಒಂದು ಇವರಿಬ್ಬರಿಗೂ ಇದೆ. ಒಳಗೊಳಗೇ ಬೇಡ ಎನ್ನುವ ಬುದ್ಧಿ.

ಎಲಾ ಅದನ್ನು ಹೇಗೆ ಉಳಿಸಿಕೊಳ್ಳುತ್ತಾಳೆ ನೋಡಿ. ಅಡುಗೆಯ ಮ್ಯಾಂಡಿ ಬಾದಾಮಿ ತಾ ಎಂದರೆ ಎರಡೇ ಎರಡು ಬಾದಾಮಿ ತರುತ್ತಾಳೆ. ಎಷ್ಟು ಎಂದು ಹೇಳಿರಲಿಲ್ಲವಲ್ಲ! ಮಾತನ್ನು ಕೇಳಿದ ಹಾಗೂ ಆಯಿತು, ಕೇಳದ ಹಾಗೂ ಆಯಿತು. ಬೋರ್ಡಿಂಗ್ ಶಾಲೆಯಲ್ಲಿ ಹ್ಯಾಟಿ ಎಂಬ ಹುಡುಗಿ (ಮುಂದೆ ಮಲಅಕ್ಕನಾಗುವವಳು) ಈ ಗುಟ್ಟನ್ನು ಊಹಿಸಿ, ನಿನ್ನ ಆಪ್ತ ಗೆಳತಿಯ ಸ್ನೇಹ ಬಿಡು ಎನ್ನುತ್ತಾಳೆ. ಎಲಾ ರಾತ್ರೋರಾತ್ರಿ ಶಾಲೆ ಬಿಟ್ಟು ಓಡುತ್ತಾಳೆ. ದಾರಿಯಲ್ಲಿ ನರಭಕ್ಷಕ ಓಗರ್‌ಗಳು ಹಿಡಿದಾಗ, ಭಾಷೆ ಕಲಿಯುವುದರಲ್ಲಿ ಜಾಣೆಯಾದ ಅವಳು ಅವರದೇ ಸಕ್ಕರೆ ದನಿಯಲ್ಲಿ ಮಾತಾಡಿ ಅವರನ್ನೇ ಮಲಗಿಸಿಬಿಡುತ್ತಾಳೆ. ಲೆವೀನ್‌ಗೆ ಫಿನೆಟ್ ನೆನಪಿದ್ದಳೋ ಇಲ್ಲವೋ, ನನಗಂತೂ ಫಿನೆಟ್‌ನ ತಂಗಿಯನ್ನು ಕಂಡಂತಾಯಿತು. (2004ರಲ್ಲಿ ಬಂದ ಸಿನಿಮಾ ನೋಡಿ ಪುಸ್ತಕ ಓದಿದ ಹಾಗಾಯಿತು ಎಂದುಕೊಳ್ಳಬೇಡಿ. ಅದು ಬೇರೆಯೇ ಕಥೆ.)

ನನ್ನ ನಿದ್ದೆ ಕೆಡಿಸಿದ್ದು ಮಾತ್ರ ಇನ್ನೊಂದು ಜಾಗ. ಎಲಾ ಅಷ್ಟು ದೂರ ಹೋಗಿ ಲೂಸಿಂಡಾಳನ್ನು ಹುಡುಕಿ, ಈ ವರ ಹಿಂದಕ್ಕೆ ತೆಗೆದುಕೋ ಎಂದು ಬೇಡುತ್ತಾಳೆ. ಲೂಸಿಂಡಾಗೆ ಕೋಪ. ಇಷ್ಟು ಒಳ್ಳೆಯ ಗುಣ ಬಂದದ್ದಕ್ಕೆ ಸಂತೋಷಪಡು ಎಂದುಬಿಡುತ್ತಾಳೆ. ಅದೂ ಆಜ್ಞೆ. ತಕ್ಷಣ ಎಲಾಗೆ ನಿಜವಾಗಿಯೂ ಸಂತೋಷವಾಗಿಬಿಡುತ್ತದೆ. ನಗುನಗುತ್ತಾ ಎಲ್ಲರ ಮಾತು ಕೇಳುತ್ತಾಳೆ. ಮನೆಗೆ ಬಂದ ಮೇಲೆ ಮ್ಯಾಂಡಿ ಆ ಆಜ್ಞೆಯನ್ನು ಬಿಡಿಸುವವರೆಗೂ ಅವಳಿಗೆ ತಾನು ಕಳೆದುಕೊಂಡದ್ದು ಏನೆಂದೇ ತಿಳಿಯುವುದಿಲ್ಲ.

ಬಹಳ ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬಳಿದ್ದಳು. ಲೆಕ್ಕದಲ್ಲಿ ನನಗಿಂತ ಚುರುಕು. ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರ ಮನೆಗೆ ಬಂದು ಜಗಲಿಯ ಅಂಚಿಗೆ ಕುಳಿತು, ‘ಕಾಲೇಜು ಬೇಡ ಅಂತಿದಾರೆ ಅಪ್ಪ. ನೀವೊಂದು ಮಾತು ಹೇಳ್ತೀರಾ ಮಿಸ್?’ ಎಂದಳು. ಅವರಪ್ಪನ ಬಾಯಿ ಊರಿಗೇ ಗೊತ್ತು. ನನಗೂ ಸಣ್ಣ ಮಕ್ಕಳಿದ್ದವು, ಊರಿನವರ ನಿಷ್ಠುರ ಯಾಕೆ ಎನ್ನಿಸಿತು. ‘ದೊಡ್ಡೋರು ಹೇಳಿದ ಹಾಗೆ ಕೇಳು ಪುಟ್ಟಾ, ಒಳ್ಳೇದಾಗುತ್ತೆ’ ಎಂದು ಕಾಫಿ ಕೊಟ್ಟು ಕಳಿಸಿದೆ. ಎಷ್ಟೋ ವರ್ಷದ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಎರಡು ಮಕ್ಕಳ ಜೊತೆ ಸಿಕ್ಕಿದಳು. ಹೇಗಿದ್ದೀಯಾ ಎಂದೆ. ‘ಚೆನ್ನಾಗಿದೀನಿ ಮಿಸ್. ನೀವು ಹೇಳಿದ ಹಾಗೇ ಮಾಡಿದೆ’ ಎಂದು ನಕ್ಕಳು. ಆ ನಗುವನ್ನು ನಾನು ಆಗ ನಂಬಿದೆ. ಲೂಸಿಂಡಾಳ ಪುಟ ಓದಿದ ಮೇಲೆ ಅದನ್ನು ಹೇಗೆ ಓದಬೇಕೋ ಗೊತ್ತಾಗುತ್ತಿಲ್ಲ.

ಕಾದಂಬರಿಯ ಕೊನೆಯ ಬಗ್ಗೆ ನನ್ನದೊಂದು ತಕರಾರಿದೆ. ರಾಜಕುಮಾರ ಚಾರ್ ಪಾದರಕ್ಷೆ ಹಿಡಿದು ಬಂದು, ನನ್ನನ್ನು ಮದುವೆಯಾಗು ಎನ್ನುತ್ತಾನೆ. ಎಲಾಗೂ ಅವನೇ ಬೇಕು. ಆದರೆ ಆದರೆ, ಹೇಳಿದ್ದನ್ನು ಮಾಡಲೇಬೇಕಾದ ಹೆಂಡತಿಯ ಕೈಯಿಂದ ಶತ್ರುಗಳು ಅವನನ್ನೇ ಕೊಲ್ಲಿಸಬಹುದು. ಅದಕ್ಕಾಗಿ, ಮೈಯೆಲ್ಲ ಹೌದು ಎನ್ನುತ್ತಿರುವಾಗ ಇಲ್ಲ ಎಂದು ಕೂಗುತ್ತಾಳೆ. ಶಾಪ ಮುರಿಯುತ್ತದೆ. ಆ ಪುಟಗಳನ್ನು ಓದುವಾಗ ನನ್ನ ಎದೆಯೂ ಡವಡವ ಎಂದಿತು, ಸುಳ್ಳೇಕೆ ಹೇಳಲಿ. ಆದರೂ ತನಗಾಗಿ ಎಷ್ಟೋ ಸಲ ಪ್ರಯತ್ನಿಸಿ ಸೋತದ್ದನ್ನು ಅವಳು ಗೆದ್ದದ್ದು ಒಬ್ಬ ಗಂಡಸಿನ ಪ್ರಾಣಕ್ಕಾಗಿ. ನಾವೂ ಹಾಗೆಯೇ ಅಲ್ಲವೇ? ನಮಗೆ ಬೇಕು ಎಂದು ಹೇಳಲು ಬಾಯಿ ಬಾರದು, ಮಗನಿಗೆ ಬೇಕು ಎಂದರೆ ಸಾಹೇಬರ ಮುಂದೆಯೂ ನಿಲ್ಲುತ್ತೇವೆ. ಲೆವೀನ್ ಇನ್ನೊಂದು ಹೆಜ್ಜೆ ಇಡಬಹುದಿತ್ತು ಎಂದು ಈಗಲೂ ನನಗೆ ಅನ್ನಿಸುತ್ತದೆ. ಮದುವೆಗೆ ಹೂಂ ಎಂದ ಮೇಲೆ ಎಲಾ ರಾಜಕುಮಾರಿ ಎಂಬ ಬಿರುದನ್ನಾದರೂ ಬೇಡ ಎಂದಳು, ಅಷ್ಟು ಸಮಾಧಾನ.

ಹೋದ ವರ್ಷ ಒಂದು ಮಳೆಯ ದಿನ, ಪಿ.ಟಿ. ಇಲ್ಲದ ಪೀರಿಯಡ್ಡಿನಲ್ಲಿ, ಎಂಟನೆಯ ತರಗತಿಗೆ ಎಲಾಳ ಕಥೆಯನ್ನು ಕನ್ನಡದಲ್ಲಿ ಹೇಳಿದೆ. ರಾಜಕುಮಾರನ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಹಿಂದಿನ ಬೆಂಚಿನವಳೊಬ್ಬಳು, ‘ಅವಳಮ್ಮ ಯಾಕೆ ಮಿಸ್ ಯಾರಿಗೂ ಹೇಳಬೇಡ ಅಂದಿದ್ದು? ಹೇಳಿದ್ದರೆ ಯಾರಾದರೂ ಸಹಾಯ ಮಾಡ್ತಿದ್ದರಲ್ಲ’ ಎಂದಳು. ಹೆದರಿಕೆ ಇರುತ್ತೆ ಎಂದೆ. ‘ಯಾರಿಗೆ, ಅಮ್ಮಂಗಾ?’ ಎಂದಳು. ಗಂಟೆ ಹೊಡೆಯಿತು.

ಮರುದಿನ ಬೋರ್ಡಿನ ಮೇಲೆ ಬರೆಯುವಾಗ ಸೀಮೆಸುಣ್ಣ ಮುಗಿಯಿತು. ಆಫೀಸಿನಿಂದ ಸೀಮೆಸುಣ್ಣ ತಾ ಎಂದು ಅದೇ ಹುಡುಗಿಯನ್ನು ಕಳಿಸಿದೆ. ಹೋಗಿ ಬಂದವಳು ಮೇಜಿನ ಮೇಲೆ ಒಂದೇ ಒಂದು ಚೂರು ಇಟ್ಟು, ಕೈಕಟ್ಟಿ ನಿಂತಳು. ತರಗತಿಯೆಲ್ಲ ಉಸಿರು ಬಿಗಿಹಿಡಿದಿತ್ತು. ನಾನೇ ಹೋಗಿ ಡಬ್ಬಿ ತಂದೆ.